ಅಜ್ಜಯ್ಯನ ಸೇಸೆಯೂ ಕರ್ನಲ್ಲಿನ ಬಕೆಟ್ಟುಗಳೂ

ಮದುವೆ ಊಟದ ಪಂಕ್ತಿಯಲ್ಲಿ ಸಾರು ಬಡಿಸುವವನ ಕೈಯ ಬಕೆಟ್ಟನ್ನು ನೀವು ಯಾವತ್ತಾದರೂ ಗೌರವದಿಂದ ನೋಡಿದ್ದೀರಾ? ಇಲ್ಲವೆಂದು ನನಗೆ ಗೊತ್ತು. ಆ ಹೊತ್ತಿಗೆ ನಿಮ್ಮ ಕಣ್ಣು ಹಿಂದಿನಿಂದ ಬರುತ್ತಿರುವ ಹೋಳಿಗೆಯ ಮೇಲಿರುತ್ತದೆ. ಆದರೂ ಒಮ್ಮೆ ಯೋಚಿಸಿ. ಅಡುಗೆಯವರ ಕೊಪ್ಪರಿಗೆಗೂ ನಿಮ್ಮ ಬಾಳೆಲೆಗೂ ನಡುವೆ ಆ ಬಕೆಟ್ ಇಲ್ಲದೇ ಹೋಗಿದ್ದರೆ, ಬಡಿಸುವ ಪುಣ್ಯಾತ್ಮ ಒಂದೊಂದು ಸೌಟಿಗೂ ಒಲೆಯ ಬುಡಕ್ಕೆ ಓಡಬೇಕಿತ್ತು. ಮೊದಲ ಎಲೆಯವನು ಪಾಯಸ ಮುಗಿಸಿ ವೀಳ್ಯದ ಕವಳ ಹಾಕುವ ಹೊತ್ತಿಗೆ ಕೊನೆಯ ಎಲೆಯವನು ಒಣ ಅನ್ನದ ಗುಡ್ಡೆಯ ಮುಂದೆ ಕುಳಿತು ಸನ್ಯಾಸವನ್ನೇ ಸ್ವೀಕರಿಸಿರುತ್ತಿದ್ದ. ಒಲೆಗೆ ಒಂದು ವೇಗ, ಬಾಯಿಗೆ ಇನ್ನೊಂದು ವೇಗ. ಇವೆರಡರ ಜಗಳ ಬಿಡಿಸುವ ಮಧ್ಯಸ್ಥ ಆ ಬಕೆಟ್ಟು.

ಕಂಪ್ಯೂಟರಿನವರು ಇದೇ ಬಕೆಟ್ಟಿಗೆ ಬಫರ್ ಎಂದು ಹೆಸರಿಟ್ಟು ಗಂಭೀರ ಮುಖ ಮಾಡಿಕೊಂಡಿದ್ದಾರೆ. ಕ್ಯಾಮೆರಾದಿಂದ ಚಿತ್ರಗಳು ಸುರಿಯುತ್ತಲೇ ಇರುತ್ತವೆ, ಅವನ್ನು ಇಂಟರ್ನೆಟ್ಟಿಗೆ ದಾಟಿಸುವ ಪ್ರೋಗ್ರಾಮು ತನ್ನ ಪಾಡಿಗೆ ತಾನು ಮೆಲ್ಲಗೆ ಅಗಿಯುತ್ತಿರುತ್ತದೆ. ಇಬ್ಬರ ನಡುವೆ ಮೆಮೊರಿಯಲ್ಲಿ ಕಾದಿರಿಸಿದ ಒಂದಿಷ್ಟು ಜಾಗವೇ ಬಫರ್. ಯಾವ ಬಕೆಟ್ಟು ಯಾರಿಗೆ, ಯಾವಾಗ ತುಂಬಬೇಕು, ಯಾವಾಗ ವಾಪಸು ತರಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು ಕರ್ನಲ್, ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಪರದೆಯ ಹಿಂದೆ ಪಂಚೆ ಎತ್ತಿ ಕಟ್ಟಿ ನಿಂತ ಅಡುಗೆಮನೆಯ ಯಜಮಾನ. ಊಟ ಕೆಟ್ಟರೆ ಮಾತ್ರ ಅವನ ನೆನಪಾಗುತ್ತದೆ. ನಾನು ಕುಂದಾಪುರದಲ್ಲಿ ಸೆಕೆಂಡ್ ಪಿಯುಸಿ ಓದುತ್ತಿರುವ ಬಡಪಾಯಿ. ಆದರೂ ಈ ಯಜಮಾನನ ಅಡುಗೆಮನೆಗೆ ನುಗ್ಗಿ ಸೌಟು ಹಿಡಿದು ಬಂದವನು. ನಮ್ಮ ಕ್ಲಾಸಿನಲ್ಲಿ ಈ ವಿಷಯ ಗೊತ್ತಿಲ್ಲದವರು ಇಬ್ಬರೇ, ನಾನು ಹೇಳಿದ ದಿನ ಅವರಿಗೆ ಜ್ವರ.

ನುಗ್ಗಿದ್ದು ಶೋಕಿಗಲ್ಲ, ಮದುವೆಗೆ. ನನ್ನ ರಘು ಮಾವನಿಗೆ ತಲ್ಲೂರಿನಲ್ಲಿ ಫೋಟೋ ಸ್ಟುಡಿಯೋ ಇದೆ. ಅವನ ಮಗಳು ಪವಿತ್ರಕ್ಕನ ಮದುವೆ ನಿಶ್ಚಯವಾದಾಗ ಅಜ್ಜಯ್ಯ, ಅಂದರೆ ಮಾವನ ಮತ್ತು ನನ್ನಮ್ಮನ ಅಪ್ಪ, ಮುಂಬೈಯಲ್ಲಿ ಮಾವನ ಅಣ್ಣ ದೊಡ್ಡಮಾವನ ಮನೆಯಲ್ಲಿದ್ದರು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರಿಗೆ ಡಾಕ್ಟರು ಪ್ರಯಾಣದ ಹೆಸರೆತ್ತಬೇಡಿ ಎಂದಿದ್ದರು. ನಮ್ಮ ಮನೆಯಲ್ಲೊಂದು ಕಟ್ಟಳೆ: ಧಾರೆಯ ನೀರು ಬಿದ್ದ ಕೂಡಲೇ ಹಿರಿಯರ ಕೈಯಿಂದ ಸೇಸೆ, ಅಂದರೆ ಅರಶಿನ ಹಚ್ಚಿದ ಅಕ್ಕಿಕಾಳು, ಮೊದಲು ಬೀಳಬೇಕು, ಆಮೇಲೆ ಉಳಿದವರದ್ದು. ಪವಿತ್ರಕ್ಕನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿ ಶಾಲೆಗೆ ಮುಟ್ಟಿಸಿದವರು ಅಜ್ಜಯ್ಯ. ಮೊಬೈಲಿನಲ್ಲೇ ತೋರಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅಜ್ಜಯ್ಯನ ಕಣ್ಣಿಗೆ ಮೊಬೈಲಿನೊಳಗಿನ ಮನುಷ್ಯರು ಮಜ್ಜಿಗೆಗೆ ಬಿದ್ದ ಸಾಸಿವೆಯಂತೆ ಕಾಣುತ್ತಾರೆ. ಆದ್ದರಿಂದ ಮಾವನ ದೊಡ್ಡ ಕ್ಯಾಮೆರಾ, ಸ್ಟುಡಿಯೋದ ಹಳೇ ಕಂಪ್ಯೂಟರು, ಮುಂಬೈಯಲ್ಲಿ ಗೋಡೆಯಗಲದ ಟಿವಿ, ಇವುಗಳ ಸಂಬಂಧ ಕುದುರಿಸುವ ಜವಾಬ್ದಾರಿ ಊರಿಗೊಬ್ಬನೇ ಜಾಣನಾದ ನನ್ನ ತಲೆಗೆ ಬಂತು.

ಬಿಜೂರಿನಲ್ಲಿರುವ ಮಾವನ ಮನೆಯ ಚಾವಡಿಯಲ್ಲಿ ಒಂದು ಭಾನುವಾರ ತಾಲೀಮು ಇಟ್ಟೆವು; ಮುಂಬೈಯಲ್ಲಿ ಅಜ್ಜಯ್ಯ ಟಿವಿಯ ಮುಂದೆ, ಕಿವಿಗೆ ಫೋನು. ಮದುಮಗಳ ಜಾಗದಲ್ಲಿ ಪವಿತ್ರಕ್ಕ, ಮದುಮಗನ ಜಾಗದಲ್ಲಿ ಒಂದು ಗೋಣಿ ತೆಂಗಿನಕಾಯಿ. ಇವರು ಅಡ್ಡಿಲ್ಲ, ಎದುರು ಮಾತಾಡುವುದಿಲ್ಲ ಎಂದು ಪವಿತ್ರಕ್ಕ ಗೋಣಿಯನ್ನು ಮೆಚ್ಚಿಕೊಂಡಳು. ಆದರೆ ಚಿತ್ರ ಮುಗ್ಗರಿಸಿತು. ಮಾವನ ಕೈ ಒಮ್ಮೆ ಗಿಂಡಿಯ ಹತ್ತಿರ, ಮರುಕ್ಷಣ ಗಾಳಿಯಲ್ಲಿ, ನಡುವಿನದ್ದೆಲ್ಲ ಮಾಯ. ಅವನು ಧಾರೆ ಎರೆಯುತ್ತಿದ್ದಾನೋ ಸೊಳ್ಳೆ ಹೊಡೆಯುತ್ತಿದ್ದಾನೋ ಹೇಳುವುದು ಕಷ್ಟ. ಬಕೆಟ್ ಸಣ್ಣದಾಯಿತು ಎಂದು ನಾನು ರೋಗ ಹೇಳಿದ್ದೇ ತಡ, ಚಾವಡಿಯೇ ಮದ್ದು ಕೊಟ್ಟಿತು. ಮಳೆಗಾಲಕ್ಕೆ ಮೊದಲೇ ಕುಚ್ಚಲಕ್ಕಿ, ಒಣಮೀನು, ಹಪ್ಪಳ, ಸೌದೆ ಎಂದು ಅಟ್ಟದ ತೊಲೆ ನರಳುವಷ್ಟು ತುಂಬಿಸಿಡುವ ಕುಲ ನಮ್ಮದು. ಕಡಿಮೆ ಬಿದ್ದರೆ ಕಷ್ಟ, ಜಾಸ್ತಿ ಇದ್ದರೆ ಏನು ನಷ್ಟ ಎಂದು ಅಮ್ಮ ಅಂದಳು, ಮಾವ ತಲೆಯಾಡಿಸಿದ. ನಾನು ಡ್ರೈವರಿನೊಳಗೆ, ಅಂದರೆ ಕ್ಯಾಮೆರಾದ ಪಾಲಿಗೆ ಕರ್ನಲ್ ನೇಮಿಸಿದ ಮೇಸ್ತ್ರಿಯ ಕೈಗೆ, ಇಡೀ ಗಂಗೊಳ್ಳಿ ಬಂದರಿನ ಮೀನು ಹಿಡಿಸುವಷ್ಟು ದೊಡ್ಡ ಬಫರ್ ಕೊಟ್ಟು ಮೀಸೆ ಇಲ್ಲದ ಜಾಗದಲ್ಲಿ ಮೀಸೆ ತಿರುವಿದೆ.

ಮುಗ್ಗರಿಕೆ ಪೂರ್ತಿ ನಿಂತಿತು. ಚಿತ್ರ ಎಣ್ಣೆ ಹಚ್ಚಿದಂತೆ ಹರಿಯಿತು. ಮಾವ ನೀರೆರೆದ, ಕೈ ಒರೆಸಿಕೊಂಡ, ಚಾಕ್ಕೆ ಕೂತ. ಆಗ ಫೋನಿನಲ್ಲಿ ಅಜ್ಜಯ್ಯನ ದನಿ ಬಂತು: "ಎಂತಾ ರಘು, ಗಿಂಡಿ ಎತ್ತುಕೆ ಇಷ್ಟೊತ್ತಾ? ಕೈ ಹಿಡ್ಕಂತಾ ನಿಂಗೆ?"

ದೊಡ್ಡ ಬಕೆಟ್ಟಿನ ಗುಟ್ಟು ಆಗ ಬಯಲಾಯಿತು. ಹೊಸ ಚಿತ್ರಗಳೆಲ್ಲ ಹಳೆಯವುಗಳ ಹಿಂದೆ ಸಾಲುಗಟ್ಟಿ ನಿಂತು, ತಮ್ಮ ಸರದಿ ಬರುವವರೆಗೆ ಬಫರಿನಲ್ಲೇ ಹಳಸುತ್ತಿದ್ದವು. ಮುಂಬೈಗೂ ಬಿಜೂರಿಗೂ ನಡುವೆ ಒಂದು ಲೋಟ ಚಾ ಕುಡಿದು ಮುಗಿಸುವಷ್ಟು ಅಂತರ. ನಾನು ಇದನ್ನು ಚಂದದ ಪದಗಳಲ್ಲಿ ವಿವರಿಸಿದೆ. ಅಜ್ಜಯ್ಯ ಕೇಳಿದರು: "ಹಂಗಾರೆ ನಾನ್ ಕಾಂಬುದ್ ಮುಗ್ದ್ ಹೋದ ಮದಿಯಾ?"

ಮುಗಿದುಹೋದ ಮದುವೆಗೆ ಸೇಸೆ ಹಾಕಿ ಏನು ಬಂತು? ಮದುವೆ ಮಾಡಿಸುವ ಭಟ್ಟರು ಮೊದಲೇ ಹೇಳಿದ್ದರು, ಮುಹೂರ್ತ ಬಹಳ ಚಿಕ್ಕದು, ಧಾರೆಯಾದ ಮೇಲೆ ಸೇಸೆಗೆ ಕಾಯುತ್ತ ನಿಲ್ಲಲು ಆಗುವುದಿಲ್ಲ ಎಂದು. ಅಜ್ಜಯ್ಯನನ್ನು ಬಿಟ್ಟು ಮುಂದುವರಿಯುವ ಎಂದು ಮಾವ ಸಣ್ಣ ದನಿಯಲ್ಲಿ ಅಂದ. ಪವಿತ್ರಕ್ಕ ಗೋಣಿಯ ಪಕ್ಕದಿಂದ ಎದ್ದು ನಿಂತು ನನ್ನನ್ನೇ ನೋಡಿ ಹೇಳಿದಳು: "ಅಜ್ಜಯ್ಯ ಹಾಕ್ದೆ ಬೇರೆಯವ್ರ್ ಸೇಸೆ ನನ್ ತಲಿ ಮೇಲೆ ಬೀಳುಕಾಗ. ನೀ ಎಂತ ಮಾಡ್ತೆ ಗೊತ್ತಿಲ್ಲೆ."

ಗೆಳೆಯರೇ, ಈ ಕರ್ನಲ್ ಎಂಬುದರ ದೊಡ್ಡತನ ನನಗೆ ಅರ್ಥವಾದದ್ದು ಆ ವಾರ. ಲೋಕದ ಮೂಲೆಮೂಲೆಯ ಜನ, ಒಬ್ಬರ ಮುಖ ಒಬ್ಬರು ಕಾಣದವರು, ಸೇರಿ ಬರೆದ ಅಡುಗೆ ಅದು; ಬರೆದು, ಅಡುಗೆಮನೆಯ ಬಾಗಿಲನ್ನು ಹಾರುಹೊಡೆದು ಇಟ್ಟಿದ್ದಾರೆ, ಯಾರು ಬೇಕಾದರೂ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಬಹುದು. ಅವರೆಲ್ಲ ಸೇರುವ ಇಮೇಲ್ ಕೂಟವೊಂದಕ್ಕೆ ನಾನು ಪತ್ರ ಹಾಕಿದೆ. ನಿಮ್ಮ ಕರ್ನಲ್ಲಿನಲ್ಲಿ ದೋಷವಿದೆ ಎಂದು ಶುರುಮಾಡಿ, ಧಾರೆ, ಸೇಸೆ, ಅಜ್ಜಯ್ಯನ ಸೊಂಟ, ತೆಂಗಿನಕಾಯಿಯ ವರ, ಯಾವುದನ್ನೂ ಬಿಡಲಿಲ್ಲ. ನನಗೆ ಉಚ್ಚರಿಸಲೂ ಬಾರದ ಹೆಸರಿನ ಒಬ್ಬ ಹೆಂಗಸು, ಹಿಮ ಬೀಳುವ ಯಾವುದೋ ಊರಿನವರು, ಉತ್ತರಿಸಿದರು. ದೋಷ ಕರ್ನಲ್ಲಿನದ್ದಲ್ಲ, ಬಕೆಟ್ಟಿನ ಗಾತ್ರ ಬದಲಿಸುವ ಮೊದಲು ಹೊತ್ತು ಎಲ್ಲಿ ಸೋರುತ್ತಿದೆ ಎಂದು ಅಳೆದೆಯಾ ಎಂದು ಕೇಳಿದರು. ಮದುವೆ ಯಾವತ್ತು ಎಂದೂ ಕೇಳಿದರು.

ಅಳೆದೆ. ನಮ್ಮ ಮೇಸ್ತ್ರಿಯ ಕಾರುಬಾರು ನೋಡಿ ನಗು ಬಂತು. ಪ್ರತಿ ಚಿತ್ರಕ್ಕೂ ಅವನು ಅಟ್ಟದಿಂದ ಹೊಸ ಪಾತ್ರೆ ಇಳಿಸುತ್ತಿದ್ದ, ತೊಳೆಯುತ್ತಿದ್ದ, ಚಿತ್ರವನ್ನು ಅದಕ್ಕೆ ಸುರಿಯುತ್ತಿದ್ದ, ಪ್ರೋಗ್ರಾಮಿನ ಪಾತ್ರೆಗೆ ಮತ್ತೊಮ್ಮೆ ಬಗ್ಗಿಸುತ್ತಿದ್ದ, ಬರಿದಾದದ್ದನ್ನು ಪುನಃ ಅಟ್ಟಕ್ಕೇರಿಸುತ್ತಿದ್ದ. ಹಳೇ ಕಂಪ್ಯೂಟರಿನ ಜೀವವೆಲ್ಲ ಏಣಿ ಹತ್ತಿಳಿಯುವುದರಲ್ಲೇ ಮುಗಿಯುತ್ತಿತ್ತು. ಆಕೆ ತೋರಿಸಿದ ದಾರಿ ಎಷ್ಟು ಸರಳವೆಂದರೆ ಮೊದಲು ಸಿಟ್ಟೇ ಬಂತು. ಕೆಲವೇ ಪಾತ್ರೆಗಳನ್ನು ಮೊದಲೇ ಇಳಿಸಿ ಕೆಳಗಿಟ್ಟುಕೋ, ಅವೇ ಸುತ್ತು ತಿರುಗುತ್ತಿರಲಿ. ಒಂದರಿಂದ ಇನ್ನೊಂದಕ್ಕೆ ಬಗ್ಗಿಸಬೇಡ, ತುಂಬಿದ ಪಾತ್ರೆಯನ್ನೇ ಪ್ರೋಗ್ರಾಮಿನ ಕೈಗೆ ದಾಟಿಸು. ಪ್ರೋಗ್ರಾಮು ತಡಮಾಡಿದರೆ ಹಳೆಯ ಚಿತ್ರವನ್ನು ಚೆಲ್ಲು, ಹೊಸದನ್ನು ಕೊಡು.

ಚೆಲ್ಲು! ಎಲೆಯಲ್ಲಿ ಒಂದು ಅಗುಳು ಬಿಟ್ಟರೆ ಅಮ್ಮನ ಉಪನ್ಯಾಸ ಕೇಳಬೇಕಾದ ಮನೆಯಲ್ಲಿ ಬೆಳೆದ ನನ್ನ ಬೆರಳು ಆ ಸಾಲನ್ನು ಎರಡು ಸಲ ಬರೆದು ಎರಡು ಸಲ ಅಳಿಸಿತು. ಆದರೆ ಯೋಚಿಸಿದಷ್ಟೂ ಅದರ ಚೆಲುವು ಹೆಚ್ಚಿತು. ಕೂಡಿಡುವುದು ಮುಂದೆ ಬರುವ ಮಳೆಗಾಲಕ್ಕೆ ಸರಿ. ಈ ಕ್ಷಣವನ್ನು ಈ ಕ್ಷಣದಲ್ಲೇ ಮುಟ್ಟಿಸಬೇಕಾದವನು ಕೈ ಹಗುರಾಗಿಟ್ಟುಕೊಳ್ಳಬೇಕು. ನಾನು ಬರೆದು ಕಳಿಸಿದ ಸಾಲುಗಳನ್ನು ಆ ಹೆಂಗಸು ಮೂರು ಸಲ ತಿದ್ದಿದರು, ಒಮ್ಮೆಯೂ ಗೇಲಿ ಮಾಡಲಿಲ್ಲ. ಅವರಿಗೆ ತಲ್ಲೂರು ಭೂಪಟದಲ್ಲೂ ಗೊತ್ತಿಲ್ಲ, ಪವಿತ್ರಕ್ಕ ಯಾರೋ ಏನೋ. ಮದುವೆಗೆ ಮೊದಲು ಮುಗಿಯಬೇಕಲ್ಲ ಎಂದು ಅವರೇ ನನಗೆ ಅವಸರ ಮಾಡಿದರು. ಜಗತ್ತಿನಲ್ಲಿ ಇಂಥವರಿದ್ದಾರೆ ಎಂಬುದನ್ನು ನಾನು ಇನ್ನೂ ಪೂರ್ತಿ ನಂಬಿ ಮುಗಿಸಿಲ್ಲ.

ಮದುವೆಯ ದಿನ ತಲ್ಲೂರಿನ ಕಲ್ಯಾಣಮಂಟಪದಲ್ಲಿ ದೊಡ್ಡ ಪರದೆ ಕಟ್ಟಿದ್ದೆವು. ಮುಂಬೈಯ ಟಿವಿಯ ಕೆಳಗೆ ದೊಡ್ಡಮಾವ ಮೊಬೈಲು ಒರಗಿಸಿಟ್ಟಿದ್ದ; ಅದರ ದೆಸೆಯಿಂದ ಅಜ್ಜಯ್ಯ ನಮ್ಮ ಪರದೆಯಲ್ಲಿ, ಗರಿಗರಿ ಶಲ್ಯ ಹೊದ್ದು, ಮುಷ್ಟಿ ತುಂಬ ಸೇಸೆ ಹಿಡಿದು ಕುಳಿತಿದ್ದರು. ವಾದ್ಯ ಜೋರಾಯಿತು. ಮಾವ ಗಿಂಡಿ ಎತ್ತಿದ, ನೀರು ಬಿತ್ತು, ಆ ಗಳಿಗೆಗೇ ಪರದೆಯಲ್ಲಿ ಅಜ್ಜಯ್ಯನ ಕೈ ಮೇಲಕ್ಕೆ ಹೋಯಿತು. ನನ್ನೆದೆ ಹಲಸಿನಕಾಯಿಯಷ್ಟು ಉಬ್ಬಿತು.

ಆದರೆ ಕೈ ಮೇಲೆಯೇ ನಿಂತಿತು. ಸೇಸೆ ಬೀಳಲಿಲ್ಲ. ಇಡೀ ಸಭೆ ಸೇಸೆಯ ಮುಷ್ಟಿ ಎತ್ತಿ ಕಾಯುತ್ತಿದೆ, ಭಟ್ಟರು ನನ್ನನ್ನು ನೋಡುತ್ತಾರೆ, ಮಾವ ನನ್ನನ್ನು ನೋಡುತ್ತಾನೆ. ಚಿತ್ರ ಸಿಕ್ಕಿಬಿತ್ತು ಎಂದುಕೊಂಡು ನಾನು ಕಂಪ್ಯೂಟರಿಗೆ ಬಿದ್ದೆ. ಎಲ್ಲ ಸರಿಯಿತ್ತು, ಪಾತ್ರೆಗಳು ತುಂಬುತ್ತ, ಬರಿದಾಗುತ್ತ, ತಿರುಗುತ್ತಲೇ ಇದ್ದವು. ಒಂದು ಕಡೆಯೂ ತಡೆಯಿಲ್ಲ.

ಪವಿತ್ರಕ್ಕ ತಲೆಯೆತ್ತಿ ಪರದೆಯನ್ನು ಕೇಳಿದಳು: "ಅಜ್ಜಯ್ಯಾ, ಕಾಣತ್ತಾ?"

"ಕಾಣತ್ತ್ ಮಗಾ. ನೀರ್ ಬಿದ್ದದ್ದೂ ಕಂಡೆ. ಸ್ವಲ್ಪ ನಿಲ್ಲ್, ಕಣ್ ತುಂಬ ಕಂಡ್ಕಂತೆ."

ಭಟ್ಟರು ಕೈಗಡಿಯಾರ ನೋಡಿ, ಅದೇ ಮಂತ್ರವನ್ನು ಇನ್ನೊಮ್ಮೆ ಎಳೆದು ಹೇಳತೊಡಗಿದರು. ಯಾವ ಕರ್ನಲ್ಲಿಗೂ ನಿಲುಕದ ಆ ತಡವನ್ನು ಕಡಿಮೆ ಮಾಡುವ ಆಸೆ ನನಗೂ ಆಗಲಿಲ್ಲ. ಆಮೇಲೆ ಅಜ್ಜಯ್ಯ ಟಿವಿಯ ಮೇಲೆ, ಅಂದರೆ ಮೊಮ್ಮಗಳ ತಲೆಯ ಮೇಲೆ, ಸೇಸೆ ಬೀರಿದರು. ಅರ್ಧದಷ್ಟು ಕಾಳು ಕೆಳಗಿದ್ದ ಮೊಬೈಲಿನ ಕಣ್ಣಿಗೆ ಬಡಿದು ಒದ್ದೆ ಅರಶಿನದ ಸಮೇತ ಅಂಟಿಕೊಂಡಿತು. ನಮ್ಮ ಪರದೆ ಏಕಾಏಕಿ ಹಳದಿಯಾಯಿತು; ಕುಂಬಳಕಾಯಿಯಷ್ಟು ದೊಡ್ಡ ಅಕ್ಕಿಕಾಳುಗಳ ಸಂದಿಯಲ್ಲಿ ಅಜ್ಜಯ್ಯನ ಬೊಚ್ಚುಬಾಯಿ ನಗುತ್ತಿತ್ತು. ಒರೆಸಲು ದೊಡ್ಡಮಾವನ ಬೆರಳು ಹತ್ತಿರ ಬಂದದ್ದು ಕಾಣಿಸಿತು.

"ಇರ್ಲಿ ದೊಡ್ಡಪ್ಪ, ಒರಸ್ಬೇಡಿ" ಎಂದಳು ಪವಿತ್ರಕ್ಕ. ಆಗ ಸಭೆಯವರೆಲ್ಲ ತಮ್ಮ ತಮ್ಮ ಮುಷ್ಟಿ ಬಿಚ್ಚಿದರು.