ಮೂರು ಕುಲುಮೆ, ಒಂದು ಫೀಡರ್

ನಿವೃತ್ತಿಗೆ ಕೆಲವು ವರ್ಷ ಮುಂಚೆ ನಾನು ಮೇಟಗಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗದ ಮುಖ್ಯಸ್ಥನಾಗಿದ್ದೆ. ನಮ್ಮದೂ ಸೇರಿ ಮೂರು ಎರಕದ ಕಾರ್ಖಾನೆಗಳಿಗೆ ಒಂದೇ ಫೀಡರ್, ಅಂದರೆ ಒಂದೇ ವಿದ್ಯುತ್ ಮಾರ್ಗ. ಮೂವರೂ ಎಳೆಯುವ ವಿದ್ಯುತ್ತಿನ ಲೋಡ್ ಸೇರಿ ಮಿತಿ ಮೀರಿದರೆ ಲೈನ್ ಟ್ರಿಪ್ ಆಗಿ ಕರೆಂಟ್ ಹೋಗಿ, ಕುಲುಮೆಯಲ್ಲಿ ಕರಗಿದ ಕಬ್ಬಿಣ ಅಲ್ಲೇ ಗಟ್ಟಿಯಾಗುತ್ತಿತ್ತು. ಲೋಡ್ ಮೊದಲೇ ಹೇಳಿಕೊಳ್ಳೋಣವೆಂದರೆ, ಯಾರಿಗೆಷ್ಟು ಆರ್ಡರ್ ಇದೆಯೆಂಬುದು ಪೈಪೋಟಿಯವರಿಗೆ ತಿಳಿದುಬಿಡುತ್ತಿತ್ತು.

ಯಾರ ಲೋಡನ್ನೂ, ಒಟ್ಟು ಮೊತ್ತವನ್ನೂ ತೋರಿಸದೆ, ಮಿತಿ ಮೀರಿದೆಯೋ ಇಲ್ಲವೋ ಎಂದಷ್ಟೇ ಹೇಳುವ ವ್ಯವಸ್ಥೆಯೊಂದನ್ನು ನಾನು ಬರೆದೆ. ಪ್ರತಿ ಅಂಕಿಯನ್ನೂ ಅರ್ಥವಾಗದ ಚೂರುಗಳಾಗಿ ಒಡೆದು ಮೂರೂ ಕಂಪ್ಯೂಟರುಗಳಿಗೆ ಹಂಚುವುದು ಅದರ ಕ್ರಮ. ಗುಟ್ಟು ಭದ್ರವಾಗಿತ್ತು. ಆದರೆ ಒಂದು ಉತ್ತರಕ್ಕೆ ಸಂದೇಶಗಳು ಸಾವಿರಾರು ಸಲ ಅತ್ತಿತ್ತ ಓಡಾಡಬೇಕು. ಪ್ರಯೋಗದ ದಿನ ಕಾದು ಬೇಸತ್ತ ಮೂರನೆಯ ಕಾರ್ಖಾನೆಯವರು ಕುಲುಮೆ ಚಾಲೂ ಮಾಡಿಯೇಬಿಟ್ಟರು. ಲೈನ್ ಹೋಯಿತು, ನಮ್ಮ ಕಬ್ಬಿಣ ಕಲ್ಲಾಯಿತು.

ಮರುವಾರ ಎರಡನೆಯ ಕಾರ್ಖಾನೆಯ ಎಂಜಿನಿಯರ್ ರಾಜೇಶ್ವರಿ ಬೇರೆ ದಾರಿ ತಂದರು. ಕಾಲೇಜಿನಲ್ಲಿ ನಾವು ಒಂದೇ ತರಗತಿ. ಕೊನೆಯವರೆಗೂ ಅಂಕಗಳಲ್ಲಿ ಅವರು ಮೊದಲು, ನಾನು ಎರಡನೆಯವನು. ಅವರ ದಾರಿ ಹೀಗೆ: ಅವರು ತಮ್ಮ ಲೋಡಿಗೆ ಒಂದು ಗುಟ್ಟಿನ ಸಂಖ್ಯೆ ಕೂಡಿಸಿ ನನಗೆ ಕಳಿಸುವುದು, ನಾನು ನಮ್ಮದನ್ನು ಕೂಡಿಸಿ ಮೂರನೆಯವರಿಗೆ, ಅವರು ತಮ್ಮದನ್ನು ಕೂಡಿಸಿ ಮತ್ತೆ ರಾಜೇಶ್ವರಿಗೆ. ಗುಟ್ಟಿನ ಸಂಖ್ಯೆ ಕಳೆದರೆ ಒಟ್ಟು ಲೋಡ್; ಅದನ್ನು ಅವರು ಎಲ್ಲರಿಗೂ ತಿಳಿಸುವುದು. ಲೆಕ್ಕಕ್ಕೆ ಮೂರೇ ಸಂದೇಶ.

"ಎಷ್ಟು ಸಲೀಸಾಗಿ ಮಾಡ್ಬುಟ್ರು ನೋಡಿ," ಎಂದು ನಮ್ಮ ಮಾಲೀಕರೇ ನನಗೆ ಹೇಳಿದರು. ಹೊಟ್ಟೆ ಉರಿದುಹೋಯಿತು. ನನಗೆ ಹೊಳೆಯಲಿಲ್ಲವಲ್ಲ ಎನ್ನುವುದಕ್ಕಿಂತ ಅವರಿಗೇ ಹೊಳೆಯಿತಲ್ಲ ಎನ್ನುವುದು ಹೆಚ್ಚು ಚುಚ್ಚಿತು.

ಹುಳುಕು ಹುಡುಕಲು ಕೂತೆ, ಸಿಕ್ಕಿತು. ಮೂರೂ ಕಾರ್ಖಾನೆಯವರ ಸಭೆಯಲ್ಲೇ ಹೇಳಿದೆ: "ಒಟ್ಟು ಎಲ್ರಿಗೂ ಗೊತ್ತಾಗುತ್ತೆ. ನೀವಿಬ್ರೂ ಸೇರಿ ನಿಮ್ಮ ಲೋಡ್ ಕಳೆದ್ರೆ ನಮ್ಮದು ಬಯಲಾಗುತ್ತೆ."

"ಆಗುತ್ತೆ ಕಣ್ರೀ. ನಾವಿಬ್ರು ಸೇರ್ಬಾರ್ದು, ಅಷ್ಟೆ," ಎಂದರು ರಾಜೇಶ್ವರಿ. ಎಲ್ಲರೂ ನಕ್ಕರು. ಅವರ ವ್ಯವಸ್ಥೆಯೇ ಜಾರಿಗೆ ಬಂತು. ಲೈನ್ ಮತ್ತೆ ಟ್ರಿಪ್ ಆಗಲಿಲ್ಲ, ಅದೂ ನನಗೆ ಸಂಕಟವೇ.

ಕೆಲವು ತಿಂಗಳಿಗೆ ಒಂದು ದೊಡ್ಡ ಟೆಂಡರ್ ಬಂತು. ಮೂವರೂ ಅದಕ್ಕೆ ಕಣ್ಣಿಟ್ಟಿದ್ದೆವು. ಯಾರ ಕೈಯಲ್ಲಿ ಎಷ್ಟು ಕೆಲಸವಿದೆಯೆಂದು ಲೋಡಿನಿಂದ ತಿಳಿದರೆ ಅವರು ಹಾಕುವ ದರವನ್ನೂ ಊಹಿಸಬಹುದಿತ್ತು. ಒಂದು ಬೆಳಿಗ್ಗೆ ಚಾಮರಾಜಪುರಂನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ರಾಜೇಶ್ವರಿ ಫೋನ್ ಮಾಡಿದರು.

"ಮೂರನೆಯವ್ರು ನಮ್ಮ ಲೋಡ್ ಕೇಳಿದ್ರು, ನಿಮ್ಮದನ್ನ ಕಂಡುಹಿಡಿಯೋಕೆ. ಕೊಡಲ್ಲ ಅಂದ್ಬುಟ್ಟೆ. ಅವತ್ತು ನೀವು ಹೇಳಿದ್ದು ಸರೀನೇ."

ಟೆಂಡರ್ ನಮಗೇ ಸಿಕ್ಕಿತು. ಗುಟ್ಟು ಉಳಿಯಬೇಕಾದರೆ ಸಂದೇಶಗಳನ್ನು ಧಾರಾಳವಾಗಿ ಖರ್ಚು ಮಾಡಬೇಕು, ಇಲ್ಲವೇ ಜೊತೆಗಿರುವವರನ್ನು ನಂಬಬೇಕು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಹುಳುಕು ಕಂಡುಹಿಡಿದವನು ನಾನು; ಅದನ್ನು ಮುಚ್ಚಿದ್ದು ಅವರ ಒಂದು 'ಕೊಡಲ್ಲ'. ಅದರಲ್ಲೂ ಅವರೇ ಮೊದಲು.