ಶೋರನ್ನರ್ ಅನ್ನೋ ಹುಡುಗಿಯಪ್ಪ

ಆ ಸೀರಿಯಲ್ ಆಫೀಸಲ್ಲಿ ಶೋರನ್ನರ್, ಅಂದ್ರೆ ಇಡೀ ಕಥೆಯ ಉಸ್ತುವಾರಿ ನೋಡೋರು, ಎಲ್ಲಿ ಅಂತ ಕೇಳಿದ್ರೆ ಯಾರೂ ತಲೆ ಎತ್ತಲ್ಲ. ‘ಹುಡುಗಿಯಪ್ಪ’ ಎಲ್ಲಿ ಅನ್ನಿ, ಲಿಫ್ಟಿನವನೇ ಬಂದು ರೂಮ್ ತೋರಿಸ್ತಾನೆ. ದೋಣಿ ನಡೆಸೋ ಹುಡುಗಿಯೊಬ್ಬಳನ್ನ ಸೀರಿಯಲ್ಲಿಗೆ ಅಂತ ಹುಟ್ಟಿಸಿದ್ದು ಅವರೇ. ಈಗ ಅವಳು ಕಾಮಿಕ್ಸಲ್ಲಿದ್ದಾಳೆ, ಗೇಮಲ್ಲಿದ್ದಾಳೆ, ಮಕ್ಕಳ ಸ್ಕೂಲ್ ಬ್ಯಾಗ್ ಮೇಲೂ ಕೂತಿದ್ದಾಳೆ. ಎಲ್ಲಿ ಹೋದ್ರೂ ಅವಳು ಅವಳಾಗೇ ಇರಬೇಕು, ಅದನ್ನ ಕಾಯೋದೇ ಇವರ ಕೆಲಸ. ಗೇಮಿನವರು, ಬ್ಯಾಗಿನವರು ಹೆಣ್ಣು ಕೇಳೋಕೆ ಬಂದೋರ ಥರ ಸೋಫಾ ತುದೀಲಿ ಕೂರ್ತಾರೆ. ‘ಸಾರ್, ಕೈಗೊಂದು ಕತ್ತಿ ಕೊಡೋಣ?’ ‘ನಮ್ಮ ಹುಡುಗಿ ಕತ್ತಿ ಮುಟ್ಟಲ್ಲ.’ ‘ಬ್ಯಾಗ್ ಮೇಲೆ ಸ್ವಲ್ಪ ನಗಿಸೋಣ?’ ‘ಹಲ್ಲು ಕಾಣೋ ಹಾಗೆ ನಗಲ್ಲ.’ ಕ್ಯಾಂಟೀನಲ್ಲಿ ಟೀಗೆ ಸಕ್ಕರೆ ಹಾಕೋಕೆ ಹೋದ್ರೂ ‘ಅವಳಿಗೆ ಸಿಹಿ ಆಗಲ್ಲ’ ಅಂತಾರೆ, ಕುಡಿಯೋರು ಇವರು! ಮೊನ್ನೆ ಸೀರಿಯಲ್ಲಿನ ಕೊನೇ ಕಂತು ಬರೀಬೇಕಿತ್ತು. ಎಲ್ಲರ ಐಡಿಯಾನೂ ಇವರು ಬೇಡ ಅಂದಾಗ, ಹೊಸದಾಗಿ ಸೇರಿದ ರೈಟರಮ್ಮ ತಡ್ಕೊಳ್ಳೋಕಾಗ್ದೆ ಕೇಳೇಬಿಟ್ಟಳು: ‘ಸರಿ ಸಾರ್, ಮತ್ತೆ ಅವಳು ಏನು ಮಾಡ್ತಾಳೆ?’ ಅವರು ‘ಅವಳು...’ ಅಂತ ಶುರು ಮಾಡಿ, ಕೈಲಿದ್ದ ಪೆನ್ನು ಕೆಳಗಿಟ್ರು. ಶುರುವಲ್ಲಿ ಬರೀತಿರೋವಾಗ್ಲೇ ಅವಳು ಇವರ ಮಾತು ಮೀರಿ ಎಲ್ಲೆಲ್ಲಿಗೋ ದೋಣಿ ತಿರುಗಿಸೋಳು, ಇವರೇ ಬೆಚ್ಚಿಬಿದ್ದು ನಗೋರು. ಆಮೇಲೆ ಅವಳು ಏನೇನು ಮಾಡಲ್ಲ ಅಂತ ಕಾಯೋದ್ರಲ್ಲೇ ವರ್ಷಗಳು ಹೋದ್ವು. ತಲೆ ತಗ್ಗಿಸಿ, ‘ನೀನೇ ಬರಿಯಮ್ಮ’ ಅಂದ್ರು, ‘ಮುಂದೇನಾಗುತ್ತೋ ಅಂತ ನಾನು ಕಾದು ಎಷ್ಟು ಕಾಲ ಆಯ್ತೋ.’