ಗಾಯಕ್ಕೆ ಬಾತುಕೋಳಿ ಸಾರು

ಅಪ್ಪನ ಕಾಲಿನ ಆಪರೇಷನ್ ಗಾಯ ಒಣಗಲು ತಡವಾಗುತ್ತಿತ್ತು. ಪ್ರೋಟೀನ್ ಇರುವ ಊಟ ಕೊಡಿ ಎಂದು ನಂಜನಗೂಡಿನ ಡಾಕ್ಟರು ಹೇಳಿದ್ದರು. ಮೊಟ್ಟೆ, ಬೇಳೆ ತಿಂದು ತಿಂದು ಬೇಸತ್ತ ಅಪ್ಪ ಒಂದು ದಿನ ತಟ್ಟೆಯನ್ನೇ ದೂರ ತಳ್ಳಿ, ಬಾತುಕೋಳಿ ಸಾರು ಬೇಕೆಂದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ.

"ಕೊಡಿ. ಅದರಲ್ಲಿ ಪ್ರೋಟೀನೂ ಇದೆ, ಕಬ್ಬಿಣದ ಅಂಶವೂ ಇದೆ. ಚರ್ಮ, ಕೊಬ್ಬು ತೆಗೆದು ಚೆನ್ನಾಗಿ ಬೇಯಿಸಿ" ಎಂದರು.

ಮೂಗೂರಿನಿಂದ ಬಾತು ತರಿಸಿದ್ದನ್ನು ಕಂಡು ಅವ್ವ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಳು.

"ಬಾತು ನಂಜು ಕಣೇ. ಗಾಯ ಕೀವ್ ತುಂಬ್ಕಂಡ್ರೆ ಏನ್ ಮಾಡೀಯೆ?"

"ಡಾಕ್ಟ್ರೇ ಏಳವ್ರೆ ಕಣವ್ವ."

"ಡಾಕ್ಟ್ರು ಬಂದು ಕಾಲ್ ಕಾಯ್ತಾರಾ?"

ನಾನು ಅವಳ ಪಕ್ಕದಿಂದ ನುಸುಳಿ ಒಳಹೋಗಿ ಚರ್ಮ ಸುಲಿದು, ಮಾಂಸ ಮೆತ್ತಗಾಗುವವರೆಗೆ ಬೇಯಿಸಿದೆ. ಅಪ್ಪ ಮುದ್ದೆಯ ಜೊತೆ ಉಂಡು ಬೆರಳು ನೆಕ್ಕಿದರು. ಸಂಜೆ ಅಪ್ಪ, ಗಾಯ ಚುಳ್ ಎನ್ನುತ್ತಿದೆ ಎಂದಾಗ ಅವ್ವ ನನ್ನನ್ನೇ ದುರುಗುಟ್ಟಿ ನೋಡಿದಳು.

ಮಾರನೆಯ ದಿನ ಡ್ರೆಸಿಂಗ್ ಬದಲಿಸಲು ಮೂವರೂ ಆಸ್ಪತ್ರೆಗೆ ಹೋದೆವು. ನರ್ಸ್ ಬ್ಯಾಂಡೇಜು ಬಿಚ್ಚುವಾಗ ನಾನು ಹತ್ತಿರ ಹೋಗಿ ನೋಡಿದೆ. ಕೀವು ಇರಲಿಲ್ಲ. ಅಂಚಿನಲ್ಲಿ ಹೊಸ ಚರ್ಮ ತೆಳ್ಳಗೆ ಕಟ್ಟತೊಡಗಿತ್ತು.

ಅವ್ವ ಬಗ್ಗಿ ನೋಡಿ, "ಪಟ್ಟಿ ಚೆನ್ನಾಗ್ ಕಟ್ಟಿದ್ರಿ ಕಣ್ರವ್ವ" ಎಂದು ನರ್ಸಿಗೆ ಹೇಳಿದಳು.

ಒಂದು ದಿನದ ಸಾರಿಗೆ ಗಾಯ ಮಾಯುವುದಿಲ್ಲವೆಂದು ನನಗೂ ಗೊತ್ತಿತ್ತು. ಬಸ್ಸಿನಲ್ಲಿ ಅವ್ವ ಮೆಲ್ಲಗೆ ಕೇಳಿದಳು:

"ವಾರಕ್ಕೊಂದ್ ಸಲ ಮಾಡುದ್ರೆ ಸಾಕಾ?"